ವರದೆಯ ಸೀಮೆಯಲ್ಲಿ ಭೂವಿಜ್ಞಾನದ ಪಾಠ



ಭೂವಿಜ್ಞಾನವನ್ನು ವ್ಯಾಸಂಗ ಮಾಡುವವರು ಜಗತ್ತಿನ ಯಾವ ಮೂಲೆಯಲ್ಲಿದ್ದರೂ ಒಂದಲ್ಲ ಒಂದು ದಿನ ‘ಧಾರವಾಡ’ ಎಂಬ ಹೆಸರನ್ನು ಓದಿಯೇ ತೀರುತ್ತಾರೆ. ದಕ್ಷಿಣ ಭಾರತದ ಅತಿ ಪುರಾತನ ಶಿಲಾಸಮೂಹವೊಂದಕ್ಕೆ ಆ ಹೆಸರನ್ನಿಟ್ಟವರು ರಾಬರ್ಟ್ ಬ್ರೂಸ್ ಫೂಟ್. 1858ರಲ್ಲಿ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಸಂಸ್ಥೆಯನ್ನು ಸೇರಿದ ಅವರು, ಆಗ ದಕ್ಷಿಣ ಮರಾಠಾ ಸೀಮೆಯೆಂದು ಕರೆಯಲ್ಪಡುತ್ತಿದ್ದ ಈ ಪ್ರದೇಶದ ಕುರಿತು 1876ರಲ್ಲಿ ವಿಸ್ತಾರವಾದ ಗ್ರಂಥವನ್ನೇ ಪ್ರಕಟಿಸಿದರು. ಮುಂದೆ 1880ರ ದಶಕದಲ್ಲಿ ಈ ಕಲ್ಲುಗಳನ್ನು ಪ್ರತ್ಯೇಕ ವರ್ಗವೆಂದು ಗುರುತಿಸಿ ಧಾರವಾಡದ ಹೆಸರನ್ನು ಕೊಟ್ಟರು. ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ತಾಲ್ಲೂಕುಗಳು 1997ರಲ್ಲಿ ಹಾವೇರಿ ಜಿಲ್ಲೆ ರಚನೆಯಾಗುವವರೆಗೂ ಧಾರವಾಡ ಜಿಲ್ಲೆಗೇ ಸೇರಿದ್ದವು. ಪಕ್ಕದ ರಾಣಿಬೆನ್ನೂರಿನ ಹೆಸರೂ ಒಂದು ಶಿಲಾಸ್ತರದ ಹೆಸರಾಗಿ ವಿಜ್ಞಾನದ ಪುಸ್ತಕಗಳಲ್ಲಿ ನೆಲೆಸಿದೆ. ಆದರೆ ಇದೇ ತಾಲ್ಲೂಕುಗಳ ಪದವಿ ಕಾಲೇಜಿನಲ್ಲಿ ಕುಳಿತ ತರುಣನಿಗೆ ತನ್ನ ಹಿತ್ತಿಲ ಕಲ್ಲಿಗೆ ಇಂತಹ ಹೆಸರಿದೆಯೆಂದು ಹೇಳಿದವರು ವಿರಳ.

ಈ ತಾಲ್ಲೂಕುಗಳ ಕಾಲೇಜುಗಳಲ್ಲಿ ಓದುವವರಲ್ಲಿ ಬಹುಪಾಲು ಮಂದಿ ಕಲಾ ಮತ್ತು ವಾಣಿಜ್ಯ ವಿಭಾಗದವರು. ಬೆಳಿಗ್ಗೆ ಬಸ್ಸು ಹಿಡಿದು ಬಂದು ಸಂಜೆ ಊರಿಗೆ ಮರಳುವವರು. ಭೂವಿಜ್ಞಾನವನ್ನೇ ಮುಖ್ಯ ವಿಷಯವಾಗಿ ಕಲಿಯಬೇಕೆನ್ನುವವರು ಧಾರವಾಡದ ದಾರಿ ಹಿಡಿಯಬೇಕಾಗುತ್ತದೆ; ಅವರ ಸಂಖ್ಯೆ ಎಂದೂ ದೊಡ್ಡದಾಗದು, ಆಗಬೇಕಾಗಿಯೂ ಇಲ್ಲ. ಚಿಂತಿಸಬೇಕಾದದ್ದು ಉಳಿದವರ ಕುರಿತು. ಮನೆಯಲ್ಲಿ ಕೊಳವೆಬಾವಿ ಕೊರೆಸಬೇಕೇ ಬೇಡವೇ, ಕೊರೆಸಿದರೆ ಹೊಲದ ಯಾವ ಮೂಲೆಯಲ್ಲಿ, ಸಾಲ ಎಲ್ಲಿಂದ ಎಂಬ ಮಾತು ನಡೆಯುವಾಗ ಜಗುಲಿಯ ಮೇಲೆ ಕುಳಿತು ಕೇಳಿಸಿಕೊಳ್ಳುವವರು ಇವರೇ. ಮನೆಯಲ್ಲಿ ಮೊದಲ ಬಾರಿಗೆ ಪದವಿಯ ಮೆಟ್ಟಿಲೇರಿದ ಮಗನ ಅಥವಾ ಮಗಳ ಮಾತಿಗೆ ಅಪ್ಪ ಅಜ್ಜಂದಿರು ಕಿವಿಗೊಡುವ ಕಾಲವಿದು. ಆ ಮಾತನಾಡಲು ಬೇಕಾದ ತಿಳಿವಳಿಕೆಯನ್ನು ಕಾಲೇಜು ಕೊಡುತ್ತಿದೆಯೇ?

ಕೊಡಲು ಅವಕಾಶವಂತೂ ಇದೆ. 1991ರ ನವೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಪರಿಸರ ಶಿಕ್ಷಣವನ್ನು ಎಲ್ಲ ಹಂತಗಳಲ್ಲಿಯೂ ಕಡ್ಡಾಯಗೊಳಿಸಬೇಕೆಂದು ನಿರ್ದೇಶಿಸಿತು. ಅದರ ಫಲವಾಗಿ ವಿಶ್ವವಿದ್ಯಾಲಯ ಧನಸಹಾಯ ಆಯೋಗವು ಸಿದ್ಧಪಡಿಸಿದ ಪಠ್ಯಕ್ರಮವು 2003ರ ಸುಮಾರಿಗೆ ಪದವಿ ತರಗತಿಗಳಿಗೆ ಬಂದಿತು. ಕಲೆ, ವಾಣಿಜ್ಯ, ವಿಜ್ಞಾನ ಎಂಬ ಭೇದವಿಲ್ಲದೆ ಎಲ್ಲರೂ ಓದಬೇಕಾದ ಆ ಪತ್ರಿಕೆಯಲ್ಲಿ ಕ್ಷೇತ್ರಕಾರ್ಯಕ್ಕೆಂದೇ 25 ಅಂಕಗಳನ್ನು ಮೀಸಲಿಡಲಾಗಿತ್ತು. ಸಮೀಪದ ನದಿ, ಬೆಟ್ಟ, ಕೆರೆಗಳನ್ನು ವಿದ್ಯಾರ್ಥಿಯು ಕಣ್ಣಾರೆ ಕಂಡು ದಾಖಲಿಸಬೇಕೆಂಬುದು ಅದರ ಆಶಯ. ಬಳಿಕ ಪಠ್ಯಕ್ರಮಗಳು ಹಲವು ಬಾರಿ ಬದಲಾಗಿವೆ. ಆದರೆ ಬಹಳ ಕಡೆ ಕ್ಷೇತ್ರಕಾರ್ಯವೆಂದರೆ ಹಿಂದಿನ ವರ್ಷದ ಪ್ರಬಂಧವನ್ನು ಹೊಸ ಹೊದಿಕೆಯೊಳಗೆ ಇಟ್ಟು ಒಪ್ಪಿಸುವ ಕೆಲಸವಾಗಿಬಿಟ್ಟಿದೆ. ಹಾನಗಲ್ಲಿನ ಹುಡುಗಿ ಅಮೆಜಾನ್ ಕಾಡಿನ ಕುರಿತು ಹತ್ತು ಪುಟ ಬರೆದುಕೊಡುತ್ತಾಳೆ. ಊರ ಪಕ್ಕದ ಧರ್ಮಾ ನದಿ ಯಾವ ತಿಂಗಳು ಬತ್ತುತ್ತದೆಂದು ಅವಳನ್ನು ಯಾರೂ ಕೇಳುವುದಿಲ್ಲ.

ಕೇಳಬೇಕಾದದ್ದು ಇಂತಹ ಪ್ರಶ್ನೆಗಳನ್ನೇ. ಉಪಕರಣಗಳಿಲ್ಲ, ಪ್ರಯೋಗಾಲಯವಿಲ್ಲ ಎಂಬ ಮಾತು ಈ ಸೀಮೆಯಲ್ಲಿ ನಿಲ್ಲುವಂಥದ್ದಲ್ಲ. ಹಾನಗಲ್ಲಿನ ತಾರಕೇಶ್ವರ ದೇವಾಲಯವನ್ನೇ ತೆಗೆದುಕೊಳ್ಳಬಹುದು. ಅದರ ಕಮಲಾಕಾರದ ಭುವನೇಶ್ವರಿಯನ್ನು ಕತ್ತೆತ್ತಿ ನೋಡಿ ಬೆರಗಾಗದವರಿಲ್ಲ. ಬಾದಾಮಿ, ಪಟ್ಟದಕಲ್ಲುಗಳ ಗುಡಿಗಳು ಕೆಂಪು ಮರಳುಗಲ್ಲಿನವು. ಇಲ್ಲಿಯದು ಬಳಪದ ಕಲ್ಲು. ಕಲ್ಯಾಣ ಚಾಲುಕ್ಯರ ಕಾಲಕ್ಕೆ ಶಿಲ್ಪಿಗಳು ಈ ಮೆದುಕಲ್ಲಿಗೆ ತಿರುಗಿದ್ದರಿಂದಲೇ ಕಂಬಗಳನ್ನು ಚಕ್ರಕ್ಕೆ ಹಿಡಿದಂತೆ ದುಂಡಗೆ ನುಣುಪುಗೊಳಿಸುವುದಕ್ಕೂ ಬೆರಳಿನಷ್ಟು ಸಣ್ಣ ಕುಸುರಿ ಬಿಡಿಸುವುದಕ್ಕೂ ಸಾಧ್ಯವಾಯಿತು. ಧಾರವಾಡ ಶಿಲಾಸಮೂಹದ ಪದರುಗಲ್ಲುಗಳ ನಡುವೆ ಅಲ್ಲಲ್ಲಿ ದೊರೆಯುವ ಕಲ್ಲು ಇದು. ಹಿಂದೆ ಮಕ್ಕಳು ಪಾಟಿಯ ಮೇಲೆ ಬರೆಯುತ್ತಿದ್ದ ಬಳಪವೂ ಇದೇ ಜಾತಿಯದು. ಬೆಣಚುಕಲ್ಲಿನ ಚೂರೊಂದನ್ನೂ ಬಳಪದ ಕಲ್ಲಿನ ಚೂರೊಂದನ್ನೂ ಕೈಗೆ ಕೊಟ್ಟು ಕಬ್ಬಿಣದ ಮೊಳೆಯಿಂದ ಗೀರಲು ಹೇಳಿದರೆ ಖನಿಜಗಳ ಗಡಸುತನದ ಪಾಠ ಐದು ನಿಮಿಷದಲ್ಲಿ ಮುಗಿಯುತ್ತದೆ. (ಗೀರಬೇಕಾದದ್ದು ಚೂರನ್ನು, ದೇವಾಲಯದ ಕಂಬವನ್ನಲ್ಲ. ಕಂಬಗಳ ಮೇಲೆ ತಮ್ಮ ಹೆಸರು ಕೊರೆಯುವ ಪ್ರವಾಸಿಗಳು ಆ ಪ್ರಯೋಗವನ್ನು ಈಗಾಗಲೇ ಸಾಕಷ್ಟು ಮಾಡಿದ್ದಾರೆ.)

ಇನ್ನು ನೆಲದ ಹಾಸುಗಲ್ಲುಗಳು. ಹಳ್ಳದ ದಂಡೆಯಲ್ಲಿಯೋ ರಸ್ತೆಗಾಗಿ ಕಡಿದ ಗುಡ್ಡದ ಬದಿಯಲ್ಲಿಯೋ ಪದರುಗಳು ನೆಟ್ಟಗೆ ನಿಂತಿರುವುದನ್ನು ಅನೇಕರು ಕಂಡಿರುತ್ತಾರೆ. ಇವು ಸುಮಾರು 260 ಕೋಟಿ ವರ್ಷಗಳಿಗೂ ಹಿಂದೆ ಪುರಾತನ ಕಡಲ ತಳದಲ್ಲಿ ಮರಳಾಗಿ, ಕೆಸರಾಗಿ ಅಡ್ಡಲಾಗಿ ಕುಳಿತಿದ್ದ ಪದರುಗಳು. ಭೂಮಿಯ ಒತ್ತಡಕ್ಕೆ ಸಿಕ್ಕಿ ಮಡಿಸಿಕೊಂಡು, ಶಾಖಕ್ಕೆ ಬೆಂದು, ಈಗ ಪುಸ್ತಕದ ಹಾಳೆಗಳನ್ನು ನಿಲ್ಲಿಸಿಟ್ಟಂತೆ ನಿಂತಿವೆ. ದಿಕ್ಸೂಚಿಯೊಂದಿದ್ದರೆ ಪದರುಗಳ ಓಟವನ್ನು ಅಳೆಯಬಹುದು. ಸಾಮಾನ್ಯವಾಗಿ ಅವು ಉತ್ತರ–ವಾಯವ್ಯದಿಂದ ದಕ್ಷಿಣ–ಆಗ್ನೇಯಕ್ಕೆ ಸಾಗುತ್ತವೆ. ಗುಡ್ಡಸಾಲುಗಳ ಓಟವೂ ಬಹುತೇಕ ಹಾಗೆಯೇ ಇರುವುದನ್ನು ನಕಾಶೆಯಲ್ಲಿ ತೋರಿಸಿದಾಗ ವಿದ್ಯಾರ್ಥಿಗೆ ಅದುವರೆಗೂ ಕೇವಲ ಗುಡ್ಡವಾಗಿದ್ದುದು ಬೇರೆಯಾಗಿ ಕಾಣತೊಡಗುತ್ತದೆ.

ಈ ಪದರುಗಳ ಅರಿವು ಹೊಟ್ಟೆಯ ಪ್ರಶ್ನೆಗೆ ಬಂದು ತಾಕುವುದು ಕೊಳವೆಬಾವಿಯ ವಿಷಯದಲ್ಲಿ. ಭೂಮಿಯೊಳಗೆ ನದಿಗಳು ಹರಿಯುತ್ತಿವೆ, ಆಳಕ್ಕೆ ಹೋದಷ್ಟೂ ನೀರು ಸಿಕ್ಕೇ ಸಿಗುತ್ತದೆ ಎಂಬ ನಂಬಿಕೆ ಹಳ್ಳಿಗಳಲ್ಲಿ ಬಲವಾಗಿದೆ. ಗಟ್ಟಿಶಿಲೆಯ ಈ ಸೀಮೆಯಲ್ಲಿ ಅದು ಹಾಗಿಲ್ಲ. ಮೇಲೆ ಮಣ್ಣು, ಅದರ ಕೆಳಗೆ ಕೊಳೆತು ಸಡಿಲಗೊಂಡ ಕಲ್ಲಿನ ಪದರು, ಅದರ ಕೆಳಗೆ ಇಡಿಗಲ್ಲು. ನೀರು ನಿಲ್ಲುವುದು ಆ ಸಡಿಲ ಪದರಿನಲ್ಲಿ ಮತ್ತು ಇಡಿಗಲ್ಲಿನ ಬಿರುಕುಗಳಲ್ಲಿ ಮಾತ್ರ. ಕೆಳಗಿಳಿದಂತೆ ಬಿರುಕುಗಳು ಕಡಿಮೆಯಾಗುತ್ತ ಹೋಗುತ್ತವೆ. ತೆಂಗಿನಕಾಯಿಯನ್ನು ಅಂಗೈ ಮೇಲಿಟ್ಟು ನೀರು ತೋರಿಸುವವರ ಮಾತು ಕೆಲವೊಮ್ಮೆ ಫಲಿಸಬಹುದು. ಫಲಿಸದ ಬಾವಿಗಳ ಲೆಕ್ಕವನ್ನು ಯಾರೂ ಇಡುವುದಿಲ್ಲವಷ್ಟೆ.

ಆ ಲೆಕ್ಕವನ್ನು ಇಡುವುದೇ ವಿದ್ಯಾರ್ಥಿಗೆ ಯೋಗ್ಯವಾದ ಕ್ಷೇತ್ರಕಾರ್ಯ. ಕೊಳವೆಬಾವಿ ಕೊರೆಸಿದ ಪ್ರತಿ ಮನೆಯಲ್ಲಿಯೂ ಒಂದು ಬಿಲ್ಲು ಇರುತ್ತದೆ. ಅದರಲ್ಲಿ ಎಷ್ಟು ಅಡಿ ಕೇಸಿಂಗ್ ಪೈಪ್ ಇಳಿಸಿದರೆಂದು ಬರೆದಿರುತ್ತದೆ. ಮೇಲಿನ ಸಡಿಲ ಪದರು ಕುಸಿಯದಿರಲೆಂದು ಇಡಿಗಲ್ಲು ಸಿಗುವವರೆಗೆ ಪೈಪ್ ಇಳಿಸುತ್ತಾರಾದ್ದರಿಂದ, ಆ ಅಡಿಗಳ ಸಂಖ್ಯೆಯೇ ಹೆಚ್ಚುಕಡಿಮೆ ಕೊಳೆತ ಕಲ್ಲಿನ ದಪ್ಪ. ಒಂದು ಊರಿನ ಐವತ್ತು ಬಿಲ್ಲುಗಳನ್ನು ಕೂಡಿಹಾಕಿ ಊರ ನಕಾಶೆಯ ಮೇಲೆ ಗುರುತಿಸಿದರೆ, ನೀರನ್ನು ಹಿಡಿದಿಡುವ ಪದರು ಎಲ್ಲಿ ದಪ್ಪ, ಎಲ್ಲಿ ತೆಳು ಎಂಬ ಚಿತ್ರ ಮೂಡುತ್ತದೆ. ಬಾವಿ ಎಷ್ಟು ಆಳ, ಎಷ್ಟರಲ್ಲಿ ನೀರು ಬಂತು, ಯಾವ ವರ್ಷ ಬತ್ತಿತು ಎಂಬುದನ್ನು ಮನೆಯ ಹಿರಿಯರೇ ಹೇಳುತ್ತಾರೆ. ಎಲ್ಲಿಯಾದರೂ ಕೊರೆಯುವ ಯಂತ್ರ ಬಂದಿದ್ದರೆ ರಾತ್ರಿಯಾದರೂ ಸರಿ ಹೋಗಿ, ಹತ್ತು ಹತ್ತು ಅಡಿಗೆ ಮೇಲೆ ಬರುವ ಕಲ್ಲಿನ ಪುಡಿಯನ್ನು ಸಣ್ಣ ಚೀಲಗಳಲ್ಲಿ ತುಂಬಿಟ್ಟುಕೊಳ್ಳಬೇಕು. ಕೆಂಪು, ಹಳದಿ, ಬೂದು, ಕೊನೆಗೆ ಕರಿಹಸಿರು ಎಂದು ಬಣ್ಣ ಬದಲಾಗುವುದನ್ನು ಮೇಜಿನ ಮೇಲೆ ಸಾಲಾಗಿ ಜೋಡಿಸಿದರೆ, ಅಷ್ಟು ಆಳದ ಭೂಮಿ ತರಗತಿಯಲ್ಲಿ ತೆರೆದಂತಾಗುತ್ತದೆ. ಯಾವ ಪಠ್ಯಪುಸ್ತಕದ ಚಿತ್ರವೂ ಇದಕ್ಕೆ ಸಮನಲ್ಲ.

ವಾಣಿಜ್ಯ ವಿದ್ಯಾರ್ಥಿಗಳು ಇದೆಲ್ಲ ತಮಗೆ ಸಂಬಂಧಿಸಿದ್ದಲ್ಲವೆಂದು ತಿಳಿಯುವುದುಂಟು. ಜಮಾಖರ್ಚು ಬಲ್ಲವರೇ ಇಲ್ಲಿ ಬೇಕಾಗಿರುವುದು. ಒಂದು ಎಕರೆ ನೆಲದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಅದು ಸುಮಾರು 4,000 ಲೀಟರ್ ನೀರು. ಲೆಕ್ಕಕ್ಕೆಂದು ವರ್ಷಕ್ಕೆ 700 ಮಿಲಿಮೀಟರ್ ಮಳೆಯೆಂದು ಹಿಡಿದರೆ ಎಕರೆಗೆ 28 ಲಕ್ಷ ಲೀಟರ್ ಆಯಿತು. ಗಟ್ಟಿಶಿಲೆಯ ಪ್ರದೇಶದಲ್ಲಿ ಅದರ ಹತ್ತರಲ್ಲೊಂದು ಪಾಲು ಅಂತರ್ಜಲಕ್ಕೆ ಇಳಿಯಿತೆಂದು ಉದಾರವಾಗಿಯೇ ಭಾವಿಸೋಣ, ಜಮೆಯಾದದ್ದು 2.8 ಲಕ್ಷ ಲೀಟರ್. ಖರ್ಚಿನ ಕಡೆ, ಸೆಕೆಂಡಿಗೆ ಎರಡು ಲೀಟರ್ ಎತ್ತುವ ಪಂಪ್ ದಿನಕ್ಕೆ ಏಳು ತಾಸು ನಡೆದರೆ 50,400 ಲೀಟರ್. ಅಂದರೆ ಒಂದು ಎಕರೆಯ ವರ್ಷದ ಜಮೆಯು ಆ ಪಂಪಿನ ಐದೂವರೆ ದಿನದ ಖರ್ಚಿಗೆ ಸಾಕು. ನೂರು ದಿನ ನಡೆಸಬೇಕಾದರೆ ಹದಿನೆಂಟು ಎಕರೆಗಳ ಜಮೆ ಬೇಕು. ಹೊಲಕ್ಕೆ ಹಾಯಿಸಿದ ನೀರಿನಲ್ಲಿ ಸ್ವಲ್ಪ ಮರಳಿ ಇಳಿಯುತ್ತದೆ, ಕೆರೆ ಕಾಲುವೆಗಳಿಂದಲೂ ಜಿನುಗುತ್ತದೆ ಎಂಬುದನ್ನು ಸೇರಿಸಿಕೊಂಡರೂ, ನಾಲ್ಕು ಎಕರೆಯ ರೈತನು ತನ್ನ ಹೊಲದ ನೀರನ್ನಷ್ಟೇ ಎತ್ತುತ್ತಿಲ್ಲವೆಂಬುದು ಸ್ಪಷ್ಟ. ಅಕ್ಕಪಕ್ಕದವರು ಎಷ್ಟು ಎತ್ತುತ್ತಿದ್ದಾರೆಂಬ ಪ್ರಶ್ನೆ ಆಗ ತಾನಾಗಿಯೇ ಏಳುತ್ತದೆ.

ನೆರೆಯ ಅವಿಭಜಿತ ಆಂಧ್ರಪ್ರದೇಶದ ಏಳು ಬರಪೀಡಿತ ಜಿಲ್ಲೆಗಳಲ್ಲಿ 2003ರಿಂದ ಕೆಲವು ವರ್ಷ ನಡೆದ ಪ್ರಯತ್ನದಲ್ಲಿ ಇದನ್ನು ರೈತರೇ ಮಾಡಿ ತೋರಿಸಿದರು. ಮಳೆಮಾಪಕವನ್ನು ಓದಿ, ಕೊಳವೆಬಾವಿಯ ಮಟ್ಟವನ್ನು ಅಳೆದು, ಹಿಂಗಾರಿಗೆ ಮುನ್ನ ಊರವರೆಲ್ಲ ಕುಳಿತು ನೀರಿನ ಆಯವ್ಯಯ ಹಾಕುತ್ತಿದ್ದರು. ಯಾವ ಬೆಳೆ ಇಡಬೇಕೆಂಬುದನ್ನು ಬಳಿಕ ಪ್ರತಿಯೊಬ್ಬ ರೈತನೂ ತಾನೇ ತೀರ್ಮಾನಿಸುತ್ತಿದ್ದನು. ಅಕ್ಷರ ಬಾರದವರೂ ಮಾಡಿದ ಕೆಲಸವನ್ನು ಪದವಿ ವಿದ್ಯಾರ್ಥಿಗಳು ಮಾಡಲಾರರೆನ್ನುವುದು ಸರಿಯಲ್ಲ.

ಮಣ್ಣಿನ ಪಾಠ ಇನ್ನೂ ಸುಲಭ. ಹಾನಗಲ್ಲಿನಿಂದ ಸವಣೂರಿಗೆ ನೇರ ಅಳತೆಯಲ್ಲಿ ಮೂವತ್ತು ಕಿಲೋಮೀಟರಿನ ಆಸುಪಾಸು. ಅಷ್ಟರೊಳಗೆ ಮಲೆನಾಡಿನ ಸೆರಗಿನ ಭತ್ತದ ಗದ್ದೆಗಳು ಮುಗಿದು, ಮಳೆ ಇಳಿಮುಖವಾಗಿ, ಬಯಲಿನ ಎರೆ ಹೊಲಗಳು ತೆರೆದುಕೊಳ್ಳುತ್ತವೆ. ಎರಿ, ಮಸಾರಿ, ಗರಸು, ಜಂಬಿಟ್ಟಿಗೆ ಎಂಬ ಒಂದೊಂದು ಹೆಸರಿನ ಹಿಂದೆಯೂ ರೈತರ ತಲೆಮಾರುಗಳ ಪರೀಕ್ಷೆಯಿದೆ. ಗಾಜಿನ ಬಾಟಲಿಯ ಮೂರನೆಯ ಒಂದು ಭಾಗ ಮಣ್ಣು ಹಾಕಿ, ನೀರು ತುಂಬಿ, ಚಿಟಿಕೆ ಉಪ್ಪು ಸೇರಿಸಿ ಕುಲುಕಿಟ್ಟರೆ ಮೊದಲು ಮರಳು, ಕೆಲವು ತಾಸುಗಳಲ್ಲಿ ರೇವೆ, ಮರುದಿನದ ಹೊತ್ತಿಗೆ ಜೇಡಿ ಹೀಗೆ ಪದರುಪದರಾಗಿ ಕೂರುತ್ತದೆ. ಎರೆಮಣ್ಣಿನ ಜೇಡಿಯು ನೀರು ಕುಡಿದು ಉಬ್ಬುವಂಥದ್ದು, ಒಣಗಿದಾಗ ಕುಗ್ಗಿ ಬಾಯ್ಬಿಡುವಂಥದ್ದು. ಎರೆ ಸೀಮೆಯ ಮನೆಗಳ ಗೋಡೆ ಏಕೆ ಬಿರಿಯುತ್ತದೆಂಬುದಕ್ಕೂ, ಮಸಾರಿಯಲ್ಲಿ ಹಿಡಿಯದ ಹಿಂಗಾರಿ ಬೆಳೆ ಎರೆಯಲ್ಲಿ ಏಕೆ ನಿಲ್ಲುತ್ತದೆಂಬುದಕ್ಕೂ ಕಾರಣ ಆ ಬಾಟಲಿಯೊಳಗೇ ಇದೆ. ರಸಗೊಬ್ಬರ ಸಿಗದೆ ಬೀದಿಗಿಳಿದ ರೈತರ ಮೇಲೆ 2008ರ ಜೂನ್ 10ರಂದು ಹಾವೇರಿಯಲ್ಲಿ ಗೋಲಿಬಾರ್ ನಡೆದು ಪ್ರಾಣಹಾನಿಯಾದುದನ್ನು ಈ ಸೀಮೆ ಮರೆತಿಲ್ಲ. ಗೊಬ್ಬರಕ್ಕಾಗಿ ಪ್ರಾಣ ತೆರಬೇಕಾಗಿ ಬಂದ ಜಿಲ್ಲೆಯಲ್ಲಿ ತನ್ನ ಹೊಲದ ಮಣ್ಣಿಗೆ ಏನು ಬೇಕು, ಎಷ್ಟು ಬೇಕು ಎಂಬ ಅರಿವನ್ನು ಬರಿಯ ಪರೀಕ್ಷೆಯ ವಿಷಯವೆಂದು ಯಾರು ಹೇಳಿಯಾರು?

ಭಾಷೆಯ ತೊಡಕೂ ಒಂದಿದೆ. ಇಂಗ್ಲಿಷಿನ ಪಾರಿಭಾಷಿಕ ಪದಕ್ಕೆ ಪ್ರತಿಯಾಗಿ ಉಚ್ಚರಿಸಲೂ ಕಷ್ಟವಾದ ಸಂಸ್ಕೃತ ಸಮಾಸವೊಂದನ್ನು ಬಾಯಿಪಾಠ ಮಾಡಿಸಿದರೆ ವಿದ್ಯಾರ್ಥಿಯು ಎರಡು ಬಾರಿ ದಾರಿ ತಪ್ಪುತ್ತಾನೆ. ಬೆಣಚು, ಬಳಪ, ಗರಸು ಎಂಬ ಮಾತುಗಳಿಂದ ಆರಂಭಿಸಿ ಶಾಸ್ತ್ರೀಯ ಹೆಸರಿಗೆ ಹೋಗುವುದೇ ಕ್ರಮ. ಕನ್ನಡದಲ್ಲಿ ಓದಲು ಇಲ್ಲವೆಂದೂ ಅಲ್ಲ. ಶಿರಸಿ ಸೀಮೆಯಿಂದ ಹೊರಟು ಭೂವಿಜ್ಞಾನ ಕಲಿತು ಪತ್ರಿಕಾರಂಗಕ್ಕೆ ಬಂದ ನಾಗೇಶ ಹೆಗಡೆ, ಭೂವೈಜ್ಞಾನಿಕ ಸರ್ವೇಕ್ಷಣ ಸಂಸ್ಥೆಯಲ್ಲಿ ಸೇವೆ ಸಲ್ಲಿಸಿದ ಟಿ.ಆರ್. ಅನಂತರಾಮು ಇವರಿಬ್ಬರ ಬರಹಗಳನ್ನು ಪದವಿ ವಿದ್ಯಾರ್ಥಿ ಯಾರ ನೆರವೂ ಇಲ್ಲದೆ ಓದಿಕೊಳ್ಳಬಲ್ಲನು.

ನೆಲದ ಕುರಿತ ತಿಳಿವಳಿಕೆ ಯಾರ ಕೈಯಲ್ಲಿದೆ ಎಂಬುದರ ಮೇಲೆ ಎಷ್ಟೊಂದು ನಿಂತಿದೆ ಎಂಬುದನ್ನು ಈ ತಾಲ್ಲೂಕುಗಳು ಹಿಂದೆಯೇ ಕಂಡಿವೆ. 1984ರಲ್ಲಿ ಸರ್ಕಾರವೂ ಹರಿಹರ ಪಾಲಿಫೈಬರ್ಸ್ ಕಾರ್ಖಾನೆಯೂ ಕೂಡಿ ಕಟ್ಟಿದ ಕರ್ನಾಟಕ ಪಲ್ಪ್‌ವುಡ್ಸ್ ಕಂಪನಿಗೆ ನೀಲಗಿರಿ ಬೆಳೆಸಲೆಂದು ಸುಮಾರು 30,000 ಹೆಕ್ಟೇರ್ ಭೂಮಿಯನ್ನು ಒದಗಿಸುವ ಯೋಜನೆಯಾಯಿತು. ಕಾಗದಪತ್ರಗಳಲ್ಲಿ ಅದು ‘ಸಿ ಮತ್ತು ಡಿ ದರ್ಜೆ’ಯ ನೆಲ. ಊರವರಿಗೆ ಅದು ದನ ಮೇಯುವ, ಸೌದೆ ತರುವ, ಕೆರೆಗೆ ನೀರು ಇಳಿದು ಬರುವ ಗುಡ್ಡ. ಶಿವರಾಮ ಕಾರಂತರೇ ಮೊದಲಾದವರು ಸರ್ವೋಚ್ಚ ನ್ಯಾಯಾಲಯಕ್ಕೆ ಹೋದರು. 1987ರ ನವೆಂಬರ್ 14ರಂದು ಕುಸನೂರಿನಲ್ಲಿ ಜನರು ನೀಲಗಿರಿ ಸಸಿಗಳನ್ನು ಕಿತ್ತು ತಮಗೆ ಬೇಕಾದ ಗಿಡಗಳನ್ನು ನೆಟ್ಟರು. ‘ಕಿತ್ತಿಕೋ–ಹಚ್ಚಿಕೋ’ ಎಂಬ ಹೆಸರಿನ ಆ ಸತ್ಯಾಗ್ರಹದ ಬಳಿಕ, 1991ರಲ್ಲಿ, ಕಂಪನಿಯನ್ನು ಮುಚ್ಚುವ ತೀರ್ಮಾನವಾಯಿತು. ದರ್ಜೆ ಹಾಕಿದವರಿಗೆ ಕಾಣದ ನೀರು ಊರವರಿಗೆ ಕಂಡಿತ್ತು.

ಇಂದು ಮಲೆನಾಡಿನವರ ಮುಂದೆಯೂ ಬಯಲಿನವರ ಮುಂದೆಯೂ ಇರುವ ಪ್ರಶ್ನೆ ಅದಕ್ಕಿಂತ ತೊಡಕಿನದು. ವರದೆ ಹುಟ್ಟುವುದು ಸಾಗರದ ಇಕ್ಕೇರಿಯ ಬಳಿಯ ವರದಾಮೂಲದಲ್ಲಿ. ಸೊರಬ, ಬನವಾಸಿಗಳನ್ನು ದಾಟಿ ಹಾನಗಲ್ಲಿನ ಕಡೆಗೆ ಬಂದು, ಧರ್ಮೆಯನ್ನು ಕೂಡಿಕೊಂಡು, ಗಳಗನಾಥದ ಬಳಿ ತುಂಗಭದ್ರೆಯನ್ನು ಸೇರುತ್ತದೆ. ಹುಂಚದ ಕಡೆಯಿಂದ ಬರುವ ಕುಮುದ್ವತಿಗೆ ಎರಡು ಬೆಟ್ಟಗಳ ನಡುವಿನ ಇಕ್ಕಟ್ಟಿನಲ್ಲಿ ಅಡ್ಡಕಟ್ಟಿ ಮದಗ–ಮಾಸೂರು ಕೆರೆಯನ್ನು ನಿರ್ಮಿಸಿದ ಹಿಂದಿನವರು ಜಾಗ ಆರಿಸಿದ ಬಗೆಯನ್ನು ಹಿರೇಕೆರೂರಿನ ಪ್ರತಿ ತಂಡವೂ ಹೋಗಿ ನೋಡಬೇಕು. ಹೀಗೆ ಈ ಸೀಮೆಯ ನೀರೆಲ್ಲ ಮಲೆಯ ನೀರೇ. ಬೇಡ್ತಿ ನದಿಯ ಹಳ್ಳಗಳಿಗೆ ಅಣೆಕಟ್ಟು ಕಟ್ಟಿ ನೀರನ್ನು ವರದೆಗೆ ತಿರುಗಿಸುವ ಯೋಜನೆಯು ರಾಷ್ಟ್ರೀಯ ಜಲ ಅಭಿವೃದ್ಧಿ ಸಂಸ್ಥೆಯ ಕಡತದಲ್ಲಿ ಬಹುಕಾಲದಿಂದ ಇದೆ. ಅದರ ಮೂಲ ಪ್ರಸ್ತಾವದಲ್ಲಿ ಹೇಳಿದ ಪ್ರಮಾಣ 24.2 ಕೋಟಿ ಘನಮೀಟರ್, ಎಂದರೆ ಎಂಟೂವರೆ ಟಿಎಂಸಿ. 2022ರಲ್ಲಿಯೂ ಅನಂತರವೂ ಯಲ್ಲಾಪುರ, ಶಿರಸಿಗಳಲ್ಲಿ ವಿರೋಧದ ಸಭೆಗಳು ನಡೆದಿವೆ. ಹಾವೇರಿಯ ಕಡೆ ಯೋಜನೆ ಬೇಕೆನ್ನುವ ಕೂಗೂ ಇದೆ. ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಘೋಷಣೆಯಾದ 2023ರಂತಹ ವರ್ಷವನ್ನು ಕಂಡವರಿಗೆ ಆ ಕೂಗು ಅನ್ಯಾಯದ್ದೆನ್ನಲಾಗದು. ಆದರೆ 2019ರ ಆಗಸ್ಟಿನಲ್ಲಿ ಇದೇ ವರದೆ ಉಕ್ಕಿ ಹೊಲ ಮನೆಗಳನ್ನು ಮುಳುಗಿಸಿತ್ತು. ಆ ನೀರಿನಲ್ಲಿ ಎಷ್ಟು ಭಾಗವನ್ನು ಹೂಳು ತುಂಬಿದ ಕೆರೆಗಳು ಹಿಡಿದಿಡಬಹುದಿತ್ತು? ಸಡಿಲ ಪದರು ದಪ್ಪವಿರುವ ಕಡೆ ಎಷ್ಟನ್ನು ಇಂಗಿಸಬಹುದಿತ್ತು? ಈ ಎರಡು ಅಂಕಿಗಳು ಊರೂರಿನ ಮಟ್ಟದಲ್ಲಿ ಕೈಗೆ ಬಾರದೆ, ಬೇಕು ಎನ್ನುವವರಾಗಲಿ ಬೇಡ ಎನ್ನುವವರಾಗಲಿ ಗಟ್ಟಿಯಾಗಿ ಮಾತನಾಡುವುದು ಬರಿಯ ಕಂಠಬಲದಿಂದ.

ಬೇಡ್ತಿಯ ವಿದ್ಯುತ್ ಯೋಜನೆಯ ಕುರಿತು 1981ರಲ್ಲಿ ಶಿರಸಿಯಲ್ಲಿ ರೈತರೂ ವಿಜ್ಞಾನಿಗಳೂ ಒಟ್ಟಿಗೆ ಕುಳಿತು ಲಾಭನಷ್ಟಗಳನ್ನು ಅಂಕಿಗಳಲ್ಲಿ ಪರಿಶೀಲಿಸಿದ್ದರಿಂದಲೇ ಆ ವಿಚಾರಕ್ಕೆ ತೂಕ ಬಂದಿತ್ತು. ಅಂತಹ ಕೆಲಸಕ್ಕೆ ಈಗ ಎರಡೂ ಕಡೆಯ ಕಾಲೇಜುಗಳು ಕೈಗೂಡಿಸಲು ಅಡ್ಡಿಯಿಲ್ಲ. ಶಿರಸಿಯ ವಿದ್ಯಾರ್ಥಿಗಳು ಹಳ್ಳದ ಬೇಸಿಗೆಯ ಹರಿವನ್ನು ಅಳೆಯಬಹುದು, ಸವಣೂರಿನವರು ಬಾವಿಯ ಮಟ್ಟವನ್ನು ಅಳೆಯಬಹುದು. ದಾಖಲೆ ಪುಸ್ತಕಗಳನ್ನು ಪರಸ್ಪರ ಬದಲಾಯಿಸಿಕೊಳ್ಳಬಹುದು.

ಒಂದು ಅಡಚಣೆಯನ್ನು ಮಾತ್ರ ಮೊದಲೇ ಬಗೆಹರಿಸಿಕೊಳ್ಳಬೇಕು. ಬಾವಿಯ ಮಟ್ಟವನ್ನು ಅಳೆಯಬೇಕಾದದ್ದು ಮೇ ತಿಂಗಳ ಕೊನೆಗೆ, ಮುಂಗಾರು ಹಿಡಿಯುವ ಮುನ್ನ. ಇನ್ನೊಮ್ಮೆ ದೀಪಾವಳಿಯ ಆಸುಪಾಸಿನಲ್ಲಿ, ಮಳೆ ಹಿಂದೆ ಸರಿದ ಮೇಲೆ. ಕಾಲೇಜಿನ ಪರೀಕ್ಷೆ ರಜೆಗಳೂ ಬಹುಪಾಲು ಅದೇ ಹೊತ್ತಿಗೆ ಬರುತ್ತವೆ. ಅಧ್ಯಾಪಕರು ಬಸ್ಸು ಮಾಡಿ ಕರೆದೊಯ್ಯಲು ಆಗದ ಆ ದಿನಗಳಲ್ಲಿ ವಿದ್ಯಾರ್ಥಿಗಳು ಇರುವುದು ತಮ್ಮ ತಮ್ಮ ಊರಿನಲ್ಲಿ, ತಮ್ಮ ಬಾವಿಯ ಪಕ್ಕದಲ್ಲಿ. ಅಡಿ ಅಡಿಗೆ ಗಂಟು ಹಾಕಿದ ಹಗ್ಗ, ಅದರ ತುದಿಗೊಂದು ಕಲ್ಲು, ಬಾವಿಯ ಕಟ್ಟೆಯ ಮೇಲೆ ಸುಣ್ಣದಿಂದ ಬರೆದ ಗುರುತು ಇಷ್ಟಿದ್ದರೆ ಸಾಕು. ಪ್ರತಿ ಸಲವೂ ಅದೇ ಗುರುತಿನಿಂದ, ಪಂಪ್ ನಿಂತು ರಾತ್ರಿ ಕಳೆದ ಮೇಲೆ, ಬೆಳಗಿನ ಹೊತ್ತಿನಲ್ಲಿ ಅಳೆಯಬೇಕು. ತಾರೀಕು ಹಾಕಿ ಬರೆದಿಡಬೇಕು. ಹೊಸ ವರ್ಷದ ಮೊದಲ ಪರಿಸರ ತರಗತಿಯಲ್ಲಿ ಅಧ್ಯಾಪಕರು ಕೇಳಬೇಕಾದದ್ದು ಆ ಚೀಟಿಯನ್ನು.